ನೋಯದ ಕಾಲು

ಮಾವ ಬದುಕಿದ್ದಷ್ಟು ವರ್ಷ ಪ್ರತಿ ಆಷಾಢಕ್ಕೆ ಕುಲಗೋಡದ ಯಾತ್ರಿಕರ ದಿಂಡಿಯ ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದರು. ಅತ್ತೆ ಒಮ್ಮೆಯೂ ಹೋಗಿರಲಿಲ್ಲ. ಕುರಿ ನೋಡಿಕೊಳ್ಳಲು ಯಾರಾದರೂ ಮನೆಯಲ್ಲಿರಬೇಕಲ್ಲ. “ಮುಂದಿನ ಸಲ ನೀ ಬರೂವಂತಿ” ಎಂದು ಮಾವ ಹೇಳುವುದು, ಆಕೆ ತಲೆಯಾಡಿಸಿ ರೊಟ್ಟಿಯ ಗಂಟು ಕಟ್ಟಿಕೊಡುವುದು, ಇದನ್ನು ನಾನು ಯಮಕನಮರಡಿಯಿಂದ ಸೊಸೆಯಾಗಿ ಬಂದಾಗಿನಿಂದ ನೋಡುತ್ತಿದ್ದೆ. ಒಂದು ಚಳಿಗಾಲ ಮಾವ ಎದೆ ಹಿಡಿದುಕೊಂಡು ಹೊಲದಲ್ಲೇ ಹೋಗಿಬಿಟ್ಟರು. ಮುಂದಿನ ಆಷಾಢ ಸಮೀಪಿಸಿದಾಗ ಅತ್ತೆ ನಮ್ಮನ್ನು ಯಾರನ್ನೂ ಕೇಳದೆ ದಿಂಡಿಯ ಹಿರಿಯರ ಮನೆಗೆ ಹೋಗಿ, ತಾನೂ ಬರುತ್ತೇನೆ, ಬರಿಗಾಲಲ್ಲೇ ನಡೆಯುತ್ತೇನೆ ಎಂದು ಹೇಳಿ ಬಂದರು.

ಆಕೆಗೆ ಸಕ್ಕರೆ ಕಾಯಿಲೆ ಇತ್ತು. ಗೋಕಾಕದ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಗುಳಿಗೆ ನುಂಗಿದ ದಿನ ಚಹಾದಲ್ಲಿ ಎಷ್ಟು ಸಕ್ಕರೆ ಹಾಕಿಕೊಂಡರೂ ನಡೆಯುತ್ತದೆಂದು ಅತ್ತೆ ನಂಬಿದ್ದರು. ನನ್ನ ಗಂಡ ಬೇಡವೆಂದು ಬಹಳ ಹೇಳಿದ.

“ಬಸ್ಸಿನ್ಯಾಗ ಕರ್ಕೊಂಡ ಹೋಗಿ ದರ್ಶನ ಮಾಡಿಸ್ಕೊಂಡ ಬರ್ತೇನಿ ತಗೋ ಯವ್ವಾ.”

“ನಿಮ್ಮಪ್ಪ ಬಸ್ಸಿನ್ಯಾಗ ಹೋಗಿದ್ನೇನ?”

ಕೊನೆಗೆ ಆಕೆಯ ಜೊತೆ ನಾನು ಹೋಗುವುದೆಂದಾಯಿತು.

ಮೊದಲ ದಿನಗಳು ಹಗುರಾಗಿಯೇ ಕಳೆದವು. ಮುಂದೆ ಪತಾಕೆ, ಅದರ ಹಿಂದೆ ತಾಳ ಮೃದಂಗ, ಆಮೇಲೆ ತುಳಸಿ ಹೊತ್ತ ಹೆಂಗಸರು, ಕಟ್ಟಕಡೆಗೆ ಅಡುಗೆ ಸಾಮಾನಿನ ಟೆಂಪೊ. ಕೃಷ್ಣಾ ಹೊಳೆ ದಾಟುವವರೆಗೆ ಎರಡೂ ಕಡೆ ಕಬ್ಬಿತ್ತು. ಅಥಣಿ ಬಿಟ್ಟ ಮೇಲೆ ಬರೀ ಕಲ್ಲು, ಜಾಲಿ ಕಂಟಿ. ಮಳೆ ಬರುವಂತೆ ಮೋಡ ಕಟ್ಟಿ, ಬಾರದೆ ಸೆಕೆ ಹೆಚ್ಚಾಗುತ್ತಿತ್ತು. ಚಪ್ಪಲಿ ಹಾಕಿಕೊಂಡಿದ್ದ ನನ್ನ ಕಾಲಲ್ಲೇ ಬೊಬ್ಬೆಗಳು ಎದ್ದಿದ್ದವು. ಹೆಂಗಸರೆಲ್ಲ ಸಂಜೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತ ನರಳುವಾಗ ಅತ್ತೆ ಮಾತ್ರ ಕಾಲು ಚಾಚಿ ನಗುತ್ತಾ ಕೂತಿರುತ್ತಿದ್ದರು.

“ನನಗೇನೂ ನೋವ ಇಲ್ಲವಾ. ವಿಠಲ ತಗೊಂಡಾನ ನನ್ನ ನೋವು.”

ಅದು ದಿಂಡಿಯಲ್ಲಿ ಹಬ್ಬಿತು. ಜತ್ತ ದಾಟುವಷ್ಟರಲ್ಲಿ ಹೆಂಗಸರು ಬೆಳಗ್ಗೆ ಹೊರಡುವ ಮುನ್ನ ಬಂದು ಆಕೆಯ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳತೊಡಗಿದರು. ಜೀವನವಿಡೀ ಕುರಿಯ ಹಿಂದೆ ತಿರುಗಿದ ಆ ಮುದುಕಿಯನ್ನು ಯಾರೂ ಹಾಗೆ ಕಂಡಿರಲಿಲ್ಲ. ಆಕೆ ಮೊದಮೊದಲು ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಆಮೇಲೆ ಸುಮ್ಮನೆ ಮುಂದೆ ಚಾಚಿದರು. ಅವರ ಮುಖದಲ್ಲಿ ಅಂಥ ಕಳೆಯನ್ನು ನಾನು ಮಾವ ಇದ್ದಾಗಲೂ ಕಂಡಿರಲಿಲ್ಲ.

ಸಾಂಗೋಲಾ ಇನ್ನೂ ಮುಂದಿತ್ತು. ಮಧ್ಯಾಹ್ನ ಒಂದು ಶಾಲೆಯ ಬೇವಿನ ಮರದ ಕೆಳಗೆ ಊಟಕ್ಕೆ ಕೂತೆವು. ನನಗೆ ಏನೋ ಕೊಳೆತ ವಾಸನೆ ಬಂತು. ಪಕ್ಕದಲ್ಲಿ ಎಲ್ಲೋ ನಾಯಿ ಸತ್ತಿರಬೇಕೆಂದು ಸುತ್ತ ನೋಡಿದೆ. ಏನೂ ಇರಲಿಲ್ಲ. ಆಮೇಲೆ ಅತ್ತೆಯ ಬಲಗಾಲಿಗೆ ಸುತ್ತಿದ ಅರಿವೆ ಕಣ್ಣಿಗೆ ಬಿತ್ತು.

“ಇದೇನ್ರಿ ಅತ್ತಿ?”

“ಧೂಳ ಹತ್ತತೈತಿ ಅಂತ ಕಟ್ಟೇನಿ, ಬಿಡ.”

ಬಿಡದೆ ಬಿಚ್ಚಿದೆ. ಅರಿವೆ ಅಂಟಿಕೊಂಡಿತ್ತು. ಹೆಬ್ಬೆರಳ ಬುಡದಲ್ಲಿ ಜಾಲಿ ಮುಳ್ಳೊಂದು ಒಳಗೇ ಮುರಿದಿತ್ತು. ಸುತ್ತ ಚರ್ಮ ಕರಿಗಟ್ಟಿ, ನಡುವೆ ಕೀವು. ಬೆರಳುಗಳ ಬಣ್ಣವೇ ಬೇರೆಯಾಗಿತ್ತು. ಅತ್ತೆ ಮರದ ಕಡೆ ಮುಖ ಮಾಡಿ, ಗಬ್ಬಾದ ಕುರಿಗಳಲ್ಲಿ ಯಾವುದು ಈಗ ಈದಿರಬಹುದು ಎಂದು ಹೇಳುತ್ತಿದ್ದರು. ನಾನು ಗಾಯದ ಅಂಚನ್ನು ಬೆರಳಿನಿಂದ ಒತ್ತಿದೆ. ಅವರು ಮಾತು ನಿಲ್ಲಿಸಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಕೀವು ನನ್ನ ಕೈಮೇಲೆ ಹರಿಯಿತು. ಕಪ್ಪು ಕುರಿಗೆ ಅವಳಿ ಮರಿಯಾಗಬಹುದು ಎಂದರು.

ಹೋಗಿ ಹಿರಿಯರನ್ನು ಕರೆತಂದೆ. ಅವರು ನೋಡಿದವರೇ ಟೆಂಪೊ ಹುಡುಗನಿಗೆ ಸಾಮಾನು ಇಳಿಸಲು ಹೇಳಿದರು.

“ತಾಯಿ, ದವಾಖಾನಿಗೆ ಹೋಗ್ರಿ. ಪಾಂಡುರಂಗ ಎಲ್ಲೂ ಓಡಿ ಹೋಗೂದಿಲ್ಲ.”

“ಇಷ್ಟ ದೂರ ಬಂದೇನ್ರಿ. ನಾ ಒಲ್ಲೆ. ನೋವs ಇಲ್ಲ ಅಂತೇನಲ್ರಿ.”

“ನೋವ ಇಲ್ಲದ್ದs ಬ್ಯಾನಿ ಐತ್ರಿ ಅತ್ತಿ, ಅದು ಸಕ್ಕರಿ ಬ್ಯಾನಿ” ಎಂದೆ.

ಆಕೆ ನನ್ನತ್ತ ನೋಡಿದ ನೋಟವನ್ನು ನಾನು ಮರೆತಿಲ್ಲ. ಅಷ್ಟು ಜನ ಹೆಂಗಸರ ಮುಂದೆ ನಾನು ತಮ್ಮ ಮೈಮೇಲಿನ ಸೀರೆ ಸೆಳೆದಂತೆ ನೋಡಿದರು. ಬೆಳಗ್ಗೆ ಪಾದ ಮುಟ್ಟಿದವರು ಮೂಗಿಗೆ ಸೆರಗು ಹಿಡಿದು ದೂರ ನಿಂತಿದ್ದರು. ಅತ್ತೆ ತಾವೇ ಎದ್ದು ರಸ್ತೆಗೆ ಬಂದು ನಡೆಯತೊಡಗಿದರು. ಸ್ವಲ್ಪ ದೂರ ಹೋದರು. ಆಮೇಲೆ ಮೈ ಗಡಗಡ ನಡುಗಿ ಅಲ್ಲೇ ಕುಸಿದರು. ಹಣೆ ಮುಟ್ಟಿದರೆ ಕಾದ ಹಂಚು. ಎತ್ತಿ ಟೆಂಪೊದಲ್ಲಿ ಮಲಗಿಸಿದೆವು.

ಸಾಂಗೋಲಾದಲ್ಲಿ ಡಾಕ್ಟರೊಬ್ಬರು ಚುಚ್ಚುಮದ್ದು ಕೊಟ್ಟು, ಇಲ್ಲಿ ಆಗುವುದಿಲ್ಲ, ತಡ ಮಾಡದೆ ಮೀರಜಕ್ಕೆ ಒಯ್ಯಿರಿ ಎಂದರು. ಗಂಡನಿಗೆ ಫೋನ್ ಮಾಡಿದೆ. ಅವನು ಊರಿಂದ ನೇರ ಮೀರಜಕ್ಕೆ ಹೊರಟ. ಟೆಂಪೊ ತಿರುಗಿ ಸ್ವಲ್ಪ ದೂರ ಬಂದಿರಬೇಕು, ಜ್ವರದಲ್ಲಿದ್ದ ಅತ್ತೆ ಕಣ್ಣು ತೆರೆದರು.

“ಮುಳುಗೂ ಹೊತ್ತು ಎದುರಿಗೈತಿ. ಪಂಢರಪುರ ಈ ಕಡೆ ಅಲ್ಲ.”

ಆಕೆ ಟೆಂಪೊದ ಕಂಬಿ ಹಿಡಿದು, “ತಿರುಗಸ್ರೋ, ತಿರುಗಸ್ರೋ” ಎಂದು ದನಿ ಸೋಲುವವರೆಗೆ ಕೂಗಿದರು.

ಮೀರಜದ ಆಸ್ಪತ್ರೆಯಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದಿದ್ದರು. ತೆಗೆದದ್ದನ್ನು ಮನೆಯವರು ಒಯ್ಯುತ್ತೀರಾ ಎಂದು ಒಬ್ಬಾಕೆ ಬಂದು ಕೇಳಿದಳು. ಗಂಡ ಗೋಡೆ ನೋಡುತ್ತ ನಿಂತಿದ್ದ. ನಾನೇ ಬೇಡ, ನೀವೇ ಏನು ಮಾಡುತ್ತೀರೋ ಮಾಡಿ ಎಂದೆ.

ಎಚ್ಚರವಾದ ಮೇಲೆ ಅತ್ತೆ ಅಳಲಿಲ್ಲ. ಹೊದಿಕೆಯ ಮೇಲೆ ಕೈಯಾಡಿಸಿ, ಕಾಲು ಎಲ್ಲಿಗೆ ಮುಗಿಯುತ್ತದೆಂದು ತಿಳಿದುಕೊಂಡು, ಮಗನನ್ನು ಕೇಳಿದರು:

“ಅದನ್ನ ಏನ ಮಾಡಿದ್ರಿ?”

ಅವನು ಹೊದಿಕೆ ಸರಿಮಾಡಿದ. ಆಮೇಲೆ, “ಪಂಢರಪುರಕ್ಕ ಒಯ್ದು ಹೊಳಿಗೆ ಬಿಟ್ಟ ಬಂದೆ ಯವ್ವಾ” ಎಂದ.

ಅವನು ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಅತ್ತೆ ಕಣ್ಣು ಮುಚ್ಚಿದರು. ಆಗ ನೀರು ಇಳಿಯಿತು. “ಅದಾದ್ರೂ ಮುಟ್ಟಿತಲ್ಲ” ಎಂದರು.

ಊರಿಗೆ ಬಂದ ಮೇಲೆ ಡ್ರೆಸ್ಸಿಂಗಿಗೆ ಗೋಕಾಕಕ್ಕೆ ಬಸ್ಸಿನಲ್ಲಿ ಎತ್ತಿಕೊಂಡು ಹೋಗಿ ಬರುವುದೇ ಕೆಲಸವಾಯಿತು. ನೋಡಲು ಬಂದವರಿಗೆಲ್ಲ ಅತ್ತೆ, ತನ್ನ ಕಾಲು ಪಂಢರಪುರದ ಹೊಳೆ ಚಂದ್ರಭಾಗೆಯಲ್ಲಿದೆ ಎಂದು ಹೇಳುತ್ತಿದ್ದರು. ಬಂದವರು ಕೈಮುಗಿಯುತ್ತಿದ್ದರು. ಗಂಡ ಆ ಮಾತು ಶುರುವಾದೊಡನೆ ಎದ್ದು ಹೋಗುತ್ತಿದ್ದ. ಈಗಲೂ ಹೋಗುತ್ತಾನೆ. ನಮ್ಮಿಬ್ಬರಲ್ಲಿ ಅದರ ಬಗ್ಗೆ ಇವತ್ತಿನವರೆಗೆ ಮಾತು ಬಂದಿಲ್ಲ.

ಹೋದ ತಿಂಗಳು ಆಕೆಗೆ ಸ್ನಾನ ಮಾಡಿಸುವಾಗ ಇದ್ದಕ್ಕಿದ್ದಂತೆ ಕೇಳಿದರು.

“ಅಂವ ಹೇಳ್ಯಾನೇನ ನಿನಗ, ಅವತ್ತ ಹೊಳ್ಯಾಗ ನೀರ ಎಷ್ಟಿತ್ತಂತ?”

ನಾನು ಆ ಹೊಳೆಯನ್ನು ಕಂಡವಳೇ ಅಲ್ಲ.

“ತುಂಬಿ ಹರೀತಿತ್ತಂತ್ರಿ” ಎಂದೆ.

“ಅಂದ್ರ ದೂರ ಹೋಗಿರತೈತಿ” ಎಂದರು. ನಾನು ಉಳಿದ ನೀರು ಹಾಕಿ ಬೆನ್ನು ಒರೆಸಿದೆ.