ಮೊಣಕಾಲೂರಿ ಹೇಳಿದ ಚಾಡಿ

ಪ್ರಾರ್ಥನೆಯ ಹೆಸರಿನಲ್ಲಿ ನಾನು ಒಬ್ಬ ತಾಯಿಯ ಗುಟ್ಟನ್ನು ಬಯಲು ಮಾಡಿದೆ. ಅವಳು ಬಂದು ಕೇಳಿದಾಗ ದೇವರ ಹೆಸರು ಹಿಡಿದೇ ಸುಳ್ಳಾಡಿದೆ. ಆ ಸುಳ್ಳನ್ನು ಒಳಗಿಟ್ಟುಕೊಂಡು ಒಂಬತ್ತು ವರ್ಷ ಭಾನುವಾರಗಳಲ್ಲಿ ಹಾಡಿದೆ, ತಲೆ ಬಾಗಿಸಿದೆ, ಕರ್ತನ ಭೋಜನಕ್ಕೆ ಕೈಚಾಚಿದೆ. ಇದಕ್ಕಿಂತ ಮೃದುವಾಗಿ ಹೇಳಲು ಬರುತ್ತದೆಯೇ ಎಂದು ಹುಡುಕಿ ನೋಡಿದ್ದೇನೆ — ಬರುವುದಿಲ್ಲ.

ಆ ತಾಯಿಯ ಹೆಸರು ಎಸ್ತರ್. ಕುಮಾರಸ್ವಾಮಿ ಲೇಔಟಿನ ತನ್ನ ಮನೆಯಲ್ಲೇ ರವಿಕೆ ಹೊಲಿದು ಜೀವನ ನಡೆಸುವವಳು. ಗಂಡ ತೀರಿಕೊಂಡ ಮೇಲೆ ಮಗಳು ಕರುಣಾಳನ್ನು ಒಂಟಿಯಾಗಿ ಬೆಳೆಸಿದಳು. ನಾನು ಪದ್ಮನಾಭನಗರದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮಿಬ್ಬರದೂ ಒಂದೇ ಚರ್ಚು. ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ ನನ್ನನ್ನು ಸರೋಜಕ್ಕ ಎಂದು ಕರೆಯುತ್ತಿದ್ದಳು. ಆ 'ಅಕ್ಕ'ನಲ್ಲಿ ಅವಳು ಇಟ್ಟಿದ್ದ ನಂಬಿಕೆ ಎಷ್ಟೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಕರುಣಾಗೆ ಆಗ ಇಪ್ಪತ್ತು. ಸಂಡೇ ಸ್ಕೂಲಿನ ಅತಿ ಚಿಕ್ಕ ಮಕ್ಕಳಿಗೆ ಅವಳೇ ಟೀಚರ್. ರಟ್ಟಿನ ಕುರಿಗಳನ್ನು ಕತ್ತರಿಸಿ, ಮೈಗೆ ಹತ್ತಿ ಅಂಟಿಸಿ, ಒಂದೊಂದು ಕುರಿಗೂ ಒಂದೊಂದು ಮಗುವಿನ ಹೆಸರಿಟ್ಟು ಕಥೆ ಹೇಳುತ್ತಿದ್ದಳು. ಆ ವರ್ಷ ಒಂದು ತಿಂಗಳು ಅವಳು ಕಾಣಲಿಲ್ಲ. ಚಿಕ್ಕಮ್ಮನ ಮನೆಯಲ್ಲಿದ್ದು ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದು ಎಸ್ತರ್ ಎಲ್ಲರಿಗೂ ಹೇಳಿದ್ದಳು. ಒಂದು ಮಧ್ಯಾಹ್ನ ನನ್ನ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಅತ್ತಳು.

"ಕಂಪ್ಯೂಟರೂ ಇಲ್ಲ, ಏನೂ ಇಲ್ಲ ಅಕ್ಕ. ಆಸ್ಪತ್ರೇಲಿದ್ಲು. ಯಾರೋ ಕಿವೀಲಿ ಮಾತಾಡ್ತಾರೆ ಅಂತ ಹೆದರ್ಕೋತಿದ್ಲು. ಈಗ ಮಾತ್ರೆ ತಗೊಂಡು ಚೆನ್ನಾಗಿದಾಳೆ. ನನ್ನ ತಂಗಿ ಮೇರಿಗೆ ಬಿಟ್ರೆ ನಿಮಗೊಬ್ರಿಗೇ ಹೇಳ್ತಿರೋದು. ಅವಳಿಗೋಸ್ಕರ ಪ್ರಾರ್ಥನೆ ಮಾಡಿ, ಅಷ್ಟೇ."

ಅವಳ ಕೈ ಹಿಡಿದು ಮಾಡುತ್ತೇನೆ ಎಂದೆ. ಆ ಹೊತ್ತಿನಲ್ಲಿ ಆ ಮಾತು ನಿಜವಾಗಿತ್ತು.

ಬುಧವಾರ ಜಯನಗರದ ಒಬ್ಬರ ಮನೆಯಲ್ಲಿ ಹೆಂಗಸರ ಪ್ರಾರ್ಥನಾ ಕೂಟ. ಎಸ್ತರ್ ಕೆಲಸವಿದೆಯೆಂದು ಅಲ್ಲಿಗೆ ಬರುತ್ತಿರಲಿಲ್ಲ. ನಾವು ಏಳು ಮಂದಿ. ಒಬ್ಬರ ಪ್ರಾರ್ಥನೆಯಲ್ಲಿ ಗಂಡನ ಆಪರೇಷನ್ನು, ಇನ್ನೊಬ್ಬರದರಲ್ಲಿ ಮಗಳ ಹೆರಿಗೆ. ಕೇಳುವವರ ಕಣ್ಣಲ್ಲಿ ನೀರು. ನನ್ನ ಸರದಿ ಹತ್ತಿರ ಬಂತು, ನನ್ನ ಹತ್ತಿರ ಅಂಥದ್ದೇನೂ ಇರಲಿಲ್ಲ — ಇಲ್ಲ, ಇತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಬೇಡ ಎಂದು ಒಳಗಿನಿಂದ ಯಾರೋ ಸ್ಪಷ್ಟವಾಗಿ ಹೇಳಿದರು. ಕೇಳಿಸಲಿಲ್ಲ ಎಂದು ನಾನು ಇವತ್ತಿಗೂ ಹೇಳಲಾರೆ.

ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮೊಣಕಾಲೂರಿ, ಕಣ್ಣುಮುಚ್ಚಿ ಹೇಳಿದೆ: "ಕರ್ತನೇ, ನಮ್ಮ ನಡುವೆ ಹೊಲಿಗೆ ಮಾಡಿ ಬದುಕುವ ಒಬ್ಬ ವಿಧವೆ ಇದ್ದಾಳೆ. ಅವಳ ಮಗಳ ಬುದ್ಧಿಯನ್ನು ಸ್ವಸ್ಥಮಾಡು. ಆಸ್ಪತ್ರೆಯಿಂದ ಬಂದಿರುವ ಆ ಮಗುವಿನ ಮೇಲೆ ಕೈಯಿಡು."

ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಸುತ್ತ ಉಸಿರು ಬಿಗಿಹಿಡಿದದ್ದು ಕೇಳಿಸಿತು, ಆಮೇಲೆ ಒಂದೊಂದಾಗಿ 'ಆಮೆನ್'. ಕಾಫಿ ಕುಡಿಯುವಾಗ ಎಲ್ಲರೂ ನನ್ನ ಪಕ್ಕಕ್ಕೇ ಬಂದು ಕೂತರು. ನನಗೆ ಅದು ಹಿತವಾಗಿತ್ತು. ಎಲ್ಲಕ್ಕಿಂತ ಕಷ್ಟಪಟ್ಟು ಬರೆಯುತ್ತಿರುವ ವಾಕ್ಯ ಇದೇ — ನನಗೆ ಅದು ಹಿತವಾಗಿತ್ತು.

ಎರಡು ವಾರದೊಳಗೆ ತಾಯಂದಿರು ಚಿಕ್ಕ ಮಕ್ಕಳನ್ನು ತಮ್ಮ ಮಡಿಲಲ್ಲೇ ಕೂರಿಸಿಕೊಳ್ಳತೊಡಗಿದರು. ಕರುಣಾಳ ಕೋಣೆಗೆ ಒಂದು ಭಾನುವಾರ ನಾಲ್ಕು ಮಕ್ಕಳು, ಮುಂದಿನ ಭಾನುವಾರ ಒಂದು. ಅದರ ಮುಂದಿನ ಭಾನುವಾರ ನಾನು ವರಾಂಡದಲ್ಲಿ ಹಾದುಹೋಗುವಾಗ ಕಿಟಕಿಯಿಂದ ಕಂಡಳು. ಮಕ್ಕಳ ಗಿಡ್ಡ ಕುರ್ಚಿಯಲ್ಲಿ ಒಬ್ಬಳೇ ಕೂತು, ಕುರಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ನನ್ನನ್ನು ಕಂಡು ನಕ್ಕು, "ಇನ್ನೂ ಯಾರೂ ಬಂದಿಲ್ಲ ಆಂಟಿ" ಎಂದಳು. ನಾನು ಒಳಗೆ ಹೋಗಲಿಲ್ಲ. ಅವಳು ಆಮೇಲೆ ಚರ್ಚಿಗೇ ಬರುವುದನ್ನು ನಿಲ್ಲಿಸಿದಳು.

ಎಸ್ತರ್ ಬಂದಳು. ಅವಳ ಕಣ್ಣಲ್ಲಿ ಸಂಶಯವಿರಲಿಲ್ಲ, ದಿಕ್ಕುತೋಚದ ನೋವಿತ್ತು. "ಅಕ್ಕ, ತಪ್ಪು ತಿಳ್ಕೋಬೇಡಿ. ನೀವು ಯಾರಿಗಾದ್ರೂ ಹೇಳಿದ್ರಾ?"

"ನಾನು ದೇವರ ಹತ್ರ ಬಿಟ್ಟು ಯಾರ ಹತ್ರಾನೂ ಹೇಳಿಲ್ಲ, ಎಸ್ತರ್."

ಒಂದು ಕ್ಷಣವೂ ತಡವರಿಸದೆ ಬಂದ ಮಾತು. ದೇವರ ಹೆಸರನ್ನು ಸುಳ್ಳಿಗೆ ಹೊದಿಸಬಾರದೆಂದು ಅಕ್ಷರಕ್ಕಿಂತ ಮೊದಲು ಕಲಿತವಳು ನಾನು. ಅವಳು ನಂಬಿದಳು. ನನ್ನಲ್ಲಿ ಕ್ಷಮೆಯನ್ನೂ ಕೇಳಿದಳು. ಗುಟ್ಟು ಗೊತ್ತಿದ್ದದ್ದು ಇಬ್ಬರಿಗೆ — ನಾನಲ್ಲ ಎಂದ ಮೇಲೆ ಉಳಿದವಳು ತಂಗಿ ಮೇರಿ. ಆಸ್ಪತ್ರೆಯಲ್ಲಿ ಕರುಣಾಳ ಪಕ್ಕದಲ್ಲಿ ಮಲಗಿ ಎದ್ದವಳು ಅವಳೇ. ಮೇರಿ ಎಷ್ಟು ಆಣೆಯಿಟ್ಟರೂ ಎಸ್ತರ್ ಒಪ್ಪಲಿಲ್ಲ, ತಂಗಿಯ ಜೊತೆ ಮಾತು ಬಿಟ್ಟಳು. ಕೂಟದ ಹೆಂಗಸರು ಯಾರೂ ಬಾಯಿಬಿಡಲಿಲ್ಲ. ಪ್ರಾರ್ಥನೆಯಲ್ಲಿ ಕೇಳಿದ್ದನ್ನು ಬೀದಿಗೆ ಒಯ್ದೆವೆಂದು ಯಾರು ತಾನೇ ಹೇಳುತ್ತಾರೆ? ಆದರೆ ಅವರ ತಪ್ಪಿನ ನೆರಳಿನಲ್ಲಿ ನಾನು ನಿಲ್ಲಲಾರೆ. ಬಾಗಿಲು ತೆರೆದವಳು ನಾನು.

ಈ ವರ್ಷ ಈಸ್ಟರಿಗೆ ಮುಂಚಿನ ಶ್ರಮೆಯ ದಿನಗಳಲ್ಲಿ ಪಕ್ಕದ ಮನೆಯವಳು, ಅವಳೂ ನಮ್ಮ ಚರ್ಚಿನವಳೇ, ಅಡುಗೆಮನೆಯಲ್ಲಿ ನಿಂತು ತನ್ನ ಸಂಸಾರದ ಒಂದು ಸಂಕಟ ಹೇಳಿಕೊಂಡಳು. ಬುಧವಾರದ ಕೂಟದಲ್ಲಿ, "ಬೇರೆ ಏನಾದ್ರೂ ಪ್ರಾರ್ಥನೆ ವಿಷಯ ಇದೆಯಾ?" ಎಂದು ಕೇಳಿದರು. ನಾಲಿಗೆ ಮಿಸುಕಿತು. ಅರವತ್ತು ದಾಟಿದ ಈ ವಯಸ್ಸಿನಲ್ಲೂ ಅದೇ ಆಸೆ, ಎಲ್ಲರ ಮುಖ ನನ್ನ ಕಡೆ ತಿರುಗಲಿ ಎಂಬ ಆ ಹಳೆಯ ಆಸೆ. ತಂದೆಯೇ, ನನ್ನ ಬಾಯಿಗೆ ಕೈ ಅಡ್ಡ ಹಿಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. "ಇಲ್ಲ" ಎಂದೆ. ಅಷ್ಟೇ.

ಗೆದ್ದೆ ಅನ್ನಿಸಲಿಲ್ಲ. ತಡೆದುಕೊಳ್ಳಲು ನನ್ನಿಂದ ಆಗುತ್ತದೆ ಎಂದು ಈಗ ತಿಳಿದಿತ್ತು — ಹಾಗಾದರೆ ಅಂದೂ ಆಗುತ್ತಿತ್ತು. ಬಾಯಿತಪ್ಪಿ ಬಂತು ಎಂದು ಇಷ್ಟು ವರ್ಷ ಹೇಳಿಕೊಂಡ ಸಮಾಧಾನವೂ ಸುಳ್ಳೇ ಆಗಿತ್ತು.

ಮರುದಿನ ಬೆಳಿಗ್ಗೆ ಎಸ್ತರ್‌ಳ ಮನೆಗೆ ಹೋದೆ. ಅವಳು ರವಿಕೆಗೆ ಹುಕ್ಕು ಹಚ್ಚುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಸೂಜಿ ನಿಂತಿತು. ಅಳುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದೇ ಮಾತು ಕೇಳಿದಳು: "ಮೇರಿ ಅಲ್ವಾ, ಹಂಗಾದ್ರೆ?"

"ಅಲ್ಲ."

"ಬನ್ನಿ. ನೀವೇ ಅವಳಿಗೆ ಹೇಳ್ಬೇಕು."

ಮೇರಿಯ ಮನೆಯಿರುವ ಗಿರಿನಗರಕ್ಕೆ ಆಟೋದಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ನನ್ನ ಕಡೆ ನೋಡಲಿಲ್ಲ. ಮೇರಿ ಬಾಗಿಲು ತೆಗೆದು ಇಬ್ಬರನ್ನೂ ನೋಡಿ ಹಾಗೇ ನಿಂತಳು. ಎಸ್ತರ್ ಕೈಯೆತ್ತಿ ತಂಗಿಯ ಕಿವಿಯ ಬಳಿಯ ಕೂದಲನ್ನು ಮುಟ್ಟಿದಳು. "ಏನೇ ಇದು, ತಲೆ ಇಷ್ಟು ಬೆಳ್ಳಗಾಗಿದೆ?" ಅಷ್ಟು ಸಾಕಾಯಿತು, ಇಬ್ಬರೂ ಹೊಸ್ತಿಲಲ್ಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಹೇಳಬೇಕಾದ್ದನ್ನು ಹೇಳಿದೆ. ಮೇರಿ ಕೋಪ ಮಾಡಿಕೊಳ್ಳಲಿಲ್ಲ.

"ನಮ್ಮಮ್ಮ ತೀರ್ಕೊಂಡಾಗ ನಾವಿಬ್ರೂ ಸಮಾಧಿ ಆ ಕಡೆ ಒಬ್ರು, ಈ ಕಡೆ ಒಬ್ರು ನಿಂತಿದ್ವಿ ಟೀಚರ್. ನೀವೂ ಅಲ್ಲೇ ಇದ್ರಿ."

ಹೌದು, ಇದ್ದೆ. ಹಾಡನ್ನು ಎತ್ತಿಕೊಟ್ಟವಳೂ ನಾನೇ.

ಕರುಣಾಳನ್ನು ನೋಡಬಹುದೇ ಎಂದು ಮೆಟ್ಟಿಲಿಳಿಯುವ ಮೊದಲು ಕೇಳಿದೆ. ಅವಳು ಈಗ ಜೆ.ಪಿ. ನಗರದ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಾಳಂತೆ. ಆರೋಗ್ಯವಾಗಿದ್ದಾಳೆ. ಮಕ್ಕಳಿರುವ ಕಡೆ ಹೋಗುವುದಿಲ್ಲವಂತೆ.

"ನಾನು ಅವಳಿಗೆ ಹೇಳ್ತೀನಿ" ಎಂದಳು ಎಸ್ತರ್. "ಅವಳಾಗೇ ಕರೆದ್ರೆ ಬನ್ನಿ. ಅಲ್ಲೀವರೆಗೂ ಬರ್ಬೇಡಿ ಅಕ್ಕ."

ಇನ್ನೂ ಅಕ್ಕ ಎಂದಳು. ಅಭ್ಯಾಸಬಲ ಇರಬಹುದು. ಮೂರು ವಾರವಾಯಿತು, ಕರುಣಾ ಕರೆದಿಲ್ಲ. ಕರೆಯದೆ ಇರುವುದು ಅವಳ ಹಕ್ಕು. ಅವಳು ಕರೆಯಲಿ ಎಂದು ಬೇಡಿಕೊಳ್ಳುವುದನ್ನೂ ಬಿಟ್ಟಿದ್ದೇನೆ, ಆ ಬೇಡಿಕೆಯೂ ನನಗಾಗಿಯೇ ಎಂದು ತಿಳಿದ ಮೇಲೆ. ಅವಳು ಚೆನ್ನಾಗಿ ನಿದ್ದೆ ಮಾಡಲಿ ಎಂದಷ್ಟೇ ಕೇಳುತ್ತೇನೆ — ಒಬ್ಬಳೇ, ಬಾಗಿಲು ಹಾಕಿಕೊಂಡು, ದನಿಯಿಲ್ಲದೆ.