ಉಳ್ಳಾಗಡ್ಡಿ ಮ್ಯಾಲಿನ ಪ್ಯಾರಾಶೂಟ್

ಗಗನಯಾತ್ರಿಗಳು ವಾಪಸ್ ಇಳಿಯೋ ಪ್ಯಾರಾಶೂಟ್ ಪರೀಕ್ಷಾ ಮಾಡೋದು ನನ್ನ ಕೆಲಸ. ಒಮ್ಮೆ ಬಲೂನಿನಿಂದ ಬಿಟ್ಟ ಪ್ಯಾರಾಶೂಟ್ ಗಾಳಿಗೆ ದಾರಿ ತಪ್ಪಿ ಹುನಗುಂದದ ಹತ್ರ ಒಂದು ಹೊಲದಾಗ ಬಿತ್ತು. ಹುಡುಕ್ಕೊಂಡು ಹೋದ್ರ, ಹೊಲದ ಯಜಮಾನತಿ ಅದನ್ನ ತನ್ನ ಉಳ್ಳಾಗಡ್ಡಿ ರಾಶಿಗೆ ಹೊಚ್ಚಿಬಿಟ್ಟಿದ್ಲು. ಆಕಾಶದಾಗ ಮಾಡ ಕಟ್ಟಿ, ಸಣ್ಣಗ ಹನಿ ಬೀಳಾಕತ್ತಿದ್ವು.

"ಯವ್ವಾ, ಅದು ಸರಕಾರದ್ದು, ಕೊಡಬೇ" ಅಂದೆ.

"ಮಳಿ ನಿಂತ ಮ್ಯಾಲ ಒಯ್ಯೂವಂತಿ ತಡಿ. ನನ್ನ ಹೊಲದಾಗ ಒಗಿಯಾಗ ನನ್ನ ಕೇಳಿದ್ರೇನು? ಅದಿರ್ಲಿ, ಇಷ್ಟು ದೊಡ್ಡ ಅರಿವಿ ಹೊಲಿದು ನಡುವ ತೂತು ಯಾಕ ಬಿಟ್ಟೀರಿ?"

"ಬೇಕಂತಲೇ ಬಿಟ್ಟದ್ದಬೇ. ಅದರಾಗ ಗಾಳಿ ಹೋಗದಿದ್ರ ಪ್ಯಾರಾಶೂಟ್ ತೂಗ್ಯಾಡತೈತಿ, ಅದರ ಕೆಳಗ ಕುಂತು ಇಳಿಯೋ ಗಗನಯಾತ್ರಿಗಳಿಗೆ ಅಪಾಯ."

"ಅವರಿನ್ನೂ ಮ್ಯಾಲ ಹೋಗೇ ಇಲ್ಲ. ನನ್ನ ಉಳ್ಳಾಗಡ್ಡಿ ಈಗ ತೋಯಾಕತ್ತಾವು. ಹತ್ತಿ ಆ ತೂತಿನ ಮ್ಯಾಲ ಕುಂಡ್ರು!"

ಹನಿ ಜೋರಾದ್ವು. ಪ್ಯಾರಾಶೂಟ್ ಬಿಟ್ಟು ಹೋಗೂ ಹಂಗಿಲ್ಲ, ಆಕಿ ಕೊಡೂ ಪೈಕಿ ಅಲ್ಲ. ಬೂಟ್ ಕಳದು, ರಾಶಿ ಹತ್ತಿ ಕುಂತೆ. ಆಕಿ ತನ್ನ ಛತ್ರಿ ನನ್ನ ಕೈಗೆ ಕೊಟ್ಲು. ಅಷ್ಟರಾಗ ಸಾಹೇಬ್ರ ಫೋನು ಬಂತು.

"ಪ್ಯಾರಾಶೂಟ್ ಸಿಕ್ತೇನ್ರಿ? ಯಾರೂ ಒಯ್ದಿಲ್ಲಲ್ಲ?"

"ಇಲ್ರಿ ಸರ್, ನಾನ ಅದರ ಮ್ಯಾಲ ಕುಂತೇನ್ರಿ."

ಕಾವಲು ಕಾಯಾಕತ್ತೇನಿ ಅಂತ ತಿಳಕೊಂಡ್ರು ಕಾಣಸ್ತೈತಿ, "ಶಾಬಾಸ್" ಅಂದ್ರು. ನೌಕರಿ ಸೇರಿದ ಮ್ಯಾಲ ಅವರ ಬಾಯಿಂದ ನನಗ ಬಂದ ಶಾಬಾಸ್ ಅದೊಂದ.