ಮಂಜಿನ ದೀಪವನ್ನು ನೆತ್ತಿಗೆ ಹಾಕಿದ್ದು

1979ರಲ್ಲಿ ನಾನು ಕುಮಟೆಯ ಒಂದು ಗ್ಯಾರೇಜಿನಲ್ಲಿ ಆಟೋ ಇಲೆಕ್ಟ್ರಿಷಿಯನ್ ಆಗಿದ್ದೆ. ಹೊನ್ನಾವರ, ಭಟ್ಕಳದ ಗಾಡಿಗಳೂ ವಾಯರಿಂಗಿಗೆ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದವು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಮೊನ್ನೆ ನನ್ನ ಮೊಮ್ಮಗಳು ಆಟೋಮೊಬೈಲ್ ಡಿಪ್ಲೊಮಾ ಪಾಸಾದಳು! ಎರಡು ದಿನದಿಂದ ನನ್ನ ಕಾಲು ನೆಲದ ಮೇಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಕೈಗೂ ಪೇಡೆ ಇಟ್ಟು ಬಂದಿದ್ದೇನೆ. ಅವಳೇ ಹೇಳಿದಳು, “ಅಜ್ಜಾ, ಸರಿ ಮಾಡಿದ್ ಕೆಲ್ಸ ಎಲ್ಲರೂ ಹೇಳ್ತರು. ನೀ ಹಾಳು ಮಾಡಿದ್ದೊಂದು ಬರಿ.” ಈ ಸಂತೋಷ ಇರುವಾಗಲೇ ಬರೆಯುತ್ತೇನೆ. ಬೇರೆ ದಿನ ಧೈರ್ಯ ಬಾರದು.

ಹೊನ್ನಪ್ಪನದು ಇಪ್ಪತ್ತು ವರ್ಷದ ಹಳೆಯ ಮೀನಿನ ವ್ಯಾನು. ಅಘನಾಶಿನಿಯಲ್ಲಿ ವ್ಯಾನನ್ನು ದೋಣಿಯ ಹತ್ತಿರ ಮರಳಿಗೇ ಇಳಿಸಿ, ಬುಟ್ಟಿ ತುಂಬಿಕೊಂಡು, ಬೆಳಕು ಹರಿಯುವಾಗ ದೇವಿಮನೆ ಘಾಟಿ ಹತ್ತಿ ಶಿರಸಿ ಪೇಟೆಗೆ ಹೋಗುತ್ತಿದ್ದ. ಮೀನು ಮಾರುವವಳು ಅವನ ಹೆಂಡತಿ ನಾಗಮ್ಮ, ದಿನಾ ಅವನ ಪಕ್ಕದಲ್ಲೇ ಕೂತು ಹೋಗುತ್ತಿದ್ದಳು. ಚಳಿಗಾಲದ ಘಾಟಿಯ ಮಂಜಿಗೆ ವ್ಯಾನಿನ ಹಳೆಯ ಫಾಗ್ ಲೈಟು ಮಿಣುಕುಹುಳಕ್ಕಿಂತ ಕಡೆ.

“ಮೇಸ್ತ್ರಿ, ತಿರುವು ಬಂದ್ರೆ ಇದು ಕಣ್ಮುಚ್ಚಿ ದೇವ್ರ ಹೆಸ್ರು ಹೇಳ್ತದೆ. ಒಳ್ಳೆ ಲೈಟ್ ಹಾಕು ಮಾರಾಯಾ,” ಎಂದ.

ಹುಬ್ಬಳ್ಳಿಯಿಂದ 55 ವ್ಯಾಟಿನ ಎರಡು ಹ್ಯಾಲೊಜೆನ್ ಲೈಟು ತರಿಸಿದೆ. ಹಳೆಯ ತೆಳು ವಾಯರು ಅಷ್ಟು ಕರೆಂಟು ತಾಳದೆ ಸುಟ್ಟೀತೆಂದು ಬ್ಯಾಟರಿಯಿಂದ ದಪ್ಪ ವಾಯರು ಎಳೆದು, ಫ್ಯೂಸು, ರಿಲೇ ಕೂರಿಸಿದೆ. ರಿಲೇ ಎಂದರೆ ಸಣ್ಣ ಸ್ವಿಚ್ಚಿನ ಮಾತು ಕೇಳಿ ದೊಡ್ಡ ಕರೆಂಟು ಬಿಡುವ ಡಬ್ಬಿ. ಅಲ್ಲಿಯವರೆಗೆ ಕೆಲಸ ಚೊಕ್ಕವೇ.

ಲೈಟಿನ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಕಾಗದವೊಂದಿತ್ತು. ಓದಲು ಬಾರದಿದ್ದರೂ ಚಿತ್ರ ತಿಳಿಯುತ್ತಿತ್ತು: ಲೈಟು ಬಂಪರಿನ ಕೆಳಗೆ. ಈ ಚಿತ್ರ ಬರೆದವನು ಅಘನಾಶಿನಿಯ ಮರಳು ಕಂಡಿಲ್ಲ ಅಂದುಕೊಂಡೆ. ಉಪ್ಪುನೀರಿಗೆ ಇಳಿಯುವ ಗಾಡಿಗಳಲ್ಲಿ ಕೆಳಗಿನ ಲೈಟು ಆರು ತಿಂಗಳಿಗೆ ತುಕ್ಕಾಗಿ ಉದುರುವುದನ್ನು ನಾನು ಎಷ್ಟೋ ಸಲ ಕಂಡವನು. ನನ್ನದೇ ಬುದ್ಧಿ ಓಡಿಸಿ ಎರಡನ್ನೂ ಮುಂದಿನ ಗಾಜಿಗಿಂತ ಮೇಲೆ, ವ್ಯಾನಿನ ನೆತ್ತಿಗೆ ಹಾಕಿದೆ.

ನಾಗಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. “ಎಂತ ಮೇಸ್ತ್ರಿ, ಮುದಿ ಗಾಡಿಗೆ ಬಾಸಿಂಗ ಕಟ್ಟಿದ್ಯಾ? ಹೆಣ್ಣು ಎಲ್ಲಿ ಕಂಡು ಇಟ್ಟಿದ್ಯೋ!”

ಸಂಜೆ ಹೆದ್ದಾರಿಯಲ್ಲಿ ಹೊತ್ತಿಸಿ ನೋಡಿದೆವು. ದೂರದ ಮೈಲುಗಲ್ಲು ಹಗಲಿನಂತೆ ಕಂಡಿತು. “ಆತು, ಇನ್ನು ಹೆದ್ರಿಕೆ ಇಲ್ಲ,” ಎಂದಳು ಅವಳು.

ಎಂಟನೇ ಬೆಳಿಗ್ಗೆ ಘಾಟಿಯಲ್ಲಿ ವ್ಯಾನು ಎಡಕ್ಕೆ ಉರುಳಿತು. ಎಡಗಡೆ ನಾಗಮ್ಮ ಕೂತಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ಹೋದಳು.

ಹೊನ್ನಪ್ಪನ ಹೆಗಲ ಮೂಳೆ ಮುರಿದಿತ್ತು. ಹಾಸಿಗೆಯಲ್ಲಿದ್ದವನು ನನ್ನನ್ನು ಕಂಡು ಮೆಲ್ಲಗೆ ಹೇಳಿದ, “ಆ ದಿನವೇ ಮೊದ್ಲು ದಪ್ಪ ಮಂಜು ಸಿಕ್ದದು. ಲೈಟ್ ಹಾಕ್ದೆ ನೋಡು, ಕಣ್ಣೆದ್ರು ಬಿಳಿ ಪಂಚೆ ಹಿಡ್ದಂಗೆ ಆತು. ಆರ್ಸೂಕೆ ಕೈ ಹಾಕ್ದೆ. ಅಷ್ಟ್ರಲ್ಲೇ…”

ಆಗ ತಿಳಿಯಿತು. ಕಣ್ಣಿಗಿಂತ ಮೇಲಿನ ಬೆಳಕು ಮಂಜಿಗೆ ಬಡಿದು ಓಡಿಸುವವನ ಕಣ್ಣಿಗೇ ತಿರುಗಿ ಬರುತ್ತದೆ. ಬಂಪರಿನ ಕೆಳಗಿನದು ಮಂಜಿನ ಅಡಿಯಿಂದ ನುಸುಳಿ ರಸ್ತೆಯ ಅಂಚು ತೋರಿಸುತ್ತದೆ. ಮಂಜಿಗೆಂದು ಹಾಕಿದ ದೀಪವನ್ನು ನಾನು ಮಂಜಿನಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಎರಡು ತಿಂಗಳ ಮೇಲೆ ಹೊನ್ನಪ್ಪ ರಿಪೇರಿಯಾದ ವ್ಯಾನು ತಂದು ಗ್ಯಾರೇಜಿನೆದುರು ನಿಲ್ಲಿಸಿದ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಬೈಯಲಿಲ್ಲ.

“ಕೆಳಗೆ ಹಾಕು,” ಎಂದ. “ಉಪ್ಪು ತಿಂದ್ರೆ ತಿನ್ಲಿ. ಹೋದಾಗೆಲ್ಲ ಬದಲ್ಸುವಾ.”

ಹಾಕಿದೆ. ಮರುದಿನ ಅವನ ಜೊತೆ ನಾನೂ ಘಾಟಿ ಹತ್ತಿದೆ. ಮಂಜಿನಲ್ಲಿ ರಸ್ತೆಯ ಅಂಚಿನ ಒಂದೊಂದು ಕಲ್ಲೂ ಕಂಡಿತು. ಒಂದು ತಿರುವಿನಲ್ಲಿ ಅವನು ಗೇರು ತಗ್ಗಿಸಿ, ಹಾರ್ನು ಹೊಡೆಯದೆ, ಬಹಳ ನಿಧಾನಕ್ಕೆ ದಾಟಿಸಿದ. ಯಾವ ತಿರುವೆಂದು ನಾನು ಕೇಳಲಿಲ್ಲ.

ಆಮೇಲೆ ಯಾವ ಗಾಡಿಗೆ ಫಾಗ್ ಲೈಟು ಹಾಕಿದರೂ, ಮೊದಲ ಮಂಜಿನ ದಿನ ಡ್ರೈವರನ ಪಕ್ಕ ನಾನೇ ಕೂತು ಹೋಗಿ ನೋಡದೆ ಕೆಲಸ ಮುಗಿಯಿತೆಂದು ಹೇಳಿದವನಲ್ಲ. ಶಾಲೆ ಕಲಿಯದವನಿಗೆ ಕೆಲಸವೇ ಮಾಸ್ತರು ಅನ್ನುತ್ತಾರೆ. ನಿಜ. ಆದರೆ ತಪ್ಪು ಮಾಡಿದವನು ನಾನು, ಆ ಮಾಸ್ತರ ಪೆಟ್ಟು ಬಿದ್ದದ್ದು ನಾಗಮ್ಮನಿಗೆ.